ಶಾಲೆಯ ಆರು ಕಾಲಮ್ಮುಗಳು

ಘೋಡಗೇರಿಯಲ್ಲಿ ಮನೆ ಕಟ್ಟುವ ಗವಂಡಿ ಶಿದ್ಲಿಂಗಪ್ಪ ಕಾಕಾನಷ್ಟು ಹಟಮಾರಿ ಮನುಷ್ಯನನ್ನು ನಾನು ಕಂಡಿಲ್ಲ. ಇಪ್ಪತ್ತೆರಡು ವರ್ಷ ಅವನ ಕೈಕೆಳಗೆ ದುಡಿದವನು ಈ ಸೋಮಲಿಂಗ. ಹೇಳುವ ಹಕ್ಕು ನನಗಿದೆ. ಗೋಡೆ ಕೂದಲೆಳೆಯಷ್ಟು ವಾಲಿದರೂ ಕೆಡವಿಸುತ್ತಿದ್ದ. ಬೈಗುಳ ಬೇರೆ.

ಹೊಳೆ ಊರು ಹೊಕ್ಕ ವರ್ಷ ನಮ್ಮೂರ ಶಾಲೆಯ ಛಾವಣಿ ಹೊತ್ತ ಆರು ಕಾಲಮ್ಮುಗಳು ಬಿರುಕು ಬಿಟ್ಟವು. ಒಡೆದದ್ದನ್ನು ಕೆತ್ತಿ, ಸುತ್ತ ಹೊಸ ಸರಳು ನಿಲ್ಲಿಸಿ, ಸರಳುಗಳನ್ನು ಸುತ್ತಿ ಹಿಡಿಯುವ ಕಬ್ಬಿಣದ ರಿಂಗ್ ಬಿಗಿದು, ಕಾಂಕ್ರೀಟ್ ತುಂಬಿದೆವು. ರಿಂಗ್ ಕಟ್ಟುವ ಕೆಲಸ ನನ್ನದು. ಅದರ ತುದಿಗಳನ್ನು ಕೊಕ್ಕೆಯಂತೆ ಒಳಕ್ಕೆ ಬಗ್ಗಿಸಬೇಕು. ಶಾಲೆ ತೆರೆಯುವ ಜೂನ್ ಹತ್ತಿರ ಬಂದಿತ್ತು, ಬರೀ ತಂತಿ ಸುತ್ತಿ ಬಿಟ್ಟೆ. ನಮ್ಮ ಕಡೆ ಎಲ್ಲರೂ ಹಾಗೇ ಮಾಡುತ್ತಾರೆ. ಕಾಕಾ ನೋಡಿಯೂ ಆ ಒಂದು ಸಲ ಸುಮ್ಮನಿದ್ದ.

ಈ ವರ್ಷ ಹುಕ್ಕೇರಿ ಕಡೆಯ ಕಾಲೇಜೊಂದರಲ್ಲಿ, ದುರಸ್ತಿಯಾದ ಕಾಲಮ್ ಭೂಕಂಪವನ್ನು ತಡೆದುಕೊಳ್ಳುತ್ತದೆಯೇ ಎಂದು ಪರೀಕ್ಷೆ ಇಟ್ಟರು. ಒಡೆದ ಕಾಲಮ್ಮೊಂದನ್ನು ನಮ್ಮ ಕೈಯಿಂದಲೇ ಸರಿಮಾಡಿಸಿದರು. ಪರೀಕ್ಷೆ ನಡೆಸುತ್ತಿದ್ದ ಇಂಜಿನಿಯರ್ ಭಾಗ್ಯಾ ಎದುರಿಗೇ ನಿಂತು ಕೊಕ್ಕೆ ಬಗ್ಗಿಸಲು ಹೇಳಿದರು, ಬಗ್ಗಿಸಿದೆ.

ಪರೀಕ್ಷೆಯ ದಿನ ಮೇಲೆ ಭಾರ ಹೇರಿ, ಜಾಕಿನಿಂದ ಅತ್ತಿತ್ತ ನೂಕಿದರು. ಕಾಂಕ್ರೀಟ್ ಉದುರಿತು, ಕಾಲಮ್ ಮಾತ್ರ ಬೀಳಲಿಲ್ಲ.

“ಭಾಳ ಗಟ್ಟಿ ಐತ್ರಿ,” ಎಂದರು ಭಾಗ್ಯಾ. “ನಿಮ್ಮೂರ ಸಾಲಿದೂ ಹಿಂಗ ಮಾಡೀರಿಲ್ಲೊ? ಹಂಗಿದ್ರ ಅದಕ್ಕೇನೂ ಭಯ ಇಲ್ಲಂತ ಬರದು ಕೊಡ್ತೀನಿ.”

ನಾನು ಹಿಂದಿನಿಂದ ಕಾಕಾನ ತೋಳು ಚಿವುಟಿದೆ. ಹೂಂ ಅಂದರೆ ಮುಗಿಯಿತಲ್ಲ! ನನ್ನ ಮಗಳು ನಂದಾ ಅದೇ ಶಾಲೆಯಲ್ಲಿ ಐದನೇ ತರಗತಿ. ಆದರೂ ಚಿವುಟಿದೆ. ಥೂ, ನನ್ನ ಜನ್ಮಕ್ಕಿಷ್ಟು!

“ಇಲ್ರಿ ಮೇಡಂ. ಸಾಲ್ಯಾಗ ಕೊಕ್ಕಿ ಬಗ್ಗಿಸಿಲ್ಲ. ನೆಲ ನಡುಗಿದ್ರ ರಿಂಗ್ ಬಿಚ್ಚಿಕೊಳ್ತಾವು,” ಅಂದುಬಿಟ್ಟ ಕಾಕಾ.

ಬಸ್ಸಿನಲ್ಲಿ ನಾನು ಸಿಡಿದೆ. “ಇಷ್ಟು ವರ್ಷದ ಮರ್ಯಾದಿ ಹೋತಲ್ಲೋ ಕಾಕಾ!”

“ಹೋಗ್ಲಿ ಬಿಡೊ. ಅದರ ಬುಡಕ ಹುಡುಗ್ರು ಕುಂಡ್ರತಾವು.”

ಮುಂದಿನ ವಾರ ಮಕ್ಕಳನ್ನು ಸಮುದಾಯ ಭವನಕ್ಕೆ ಕಳಿಸಿದರು. ಶಾಲೆಯ ಛಾವಣಿಗೆ ಆಸರೆ ಕಂಬ ಕೊಟ್ಟು, ಅರವತ್ತೆಂಟರ ಕಾಕಾ ತಾನೇ ಸುತ್ತಿಗೆ ಹಿಡಿದು, ಕೆಮ್ಮುತ್ತ ಆ ಕಾಲಮ್ಮುಗಳನ್ನು ಒಡೆಯತೊಡಗಿದ. ಊರವರು ಬಾಯಿಗೆ ಬಂದಂತೆ ಬೈದರು. ನಾವು ಕಟ್ಟಬೇಕಿದ್ದ ಎರಡು ಮನೆಗಳ ಕೆಲಸ ಬೇರೆಯವರಿಗೆ ಹೋಯಿತು.

ನಂದಾ ಬಂದು ಕೇಳಿದಳು. “ಅಜ್ಜಾ, ನಮ್ಮ ಸಾಲಿ ಯಾಕ ಒಡ್ಯಾಕತ್ತೀ?”

“ತಪ್ಪು ಮಾಡೇನವ್ವಾ.”

ನನಗೆ ತಡೆಯಲಾಗಲಿಲ್ಲ. “ಅಜ್ಜ ಅಲ್ಲವ್ವಾ, ರಿಂಗ್ ಕಟ್ಟಿದಾಂವ ನಾನು,” ಎಂದೆ. ಮಗಳು ನನ್ನನ್ನೇ ನೋಡುತ್ತ ನಿಂತಳು.