ಅಮಾವಾಸ್ಯೆಯ ದಿನ ಡ್ಯೂಟಿಗೆ ಸೇರಿದವರು

ಈ ಯುಗಾದಿಯ ಬೆಳಿಗ್ಗೆ ತಲೆಗೆ ಹರಳೆಣ್ಣೆ ತಟ್ಟಿಕೊಂಡದ್ದೇ ತಡ, ಆ ವಾಸನೆಗೆ ನಮ್ಮ ಡ್ರಾಯಿಂಗ್ ಮೇಷ್ಟ್ರು ನೆನಪಾದರು. ಪ್ರತಿ ಯುಗಾದಿಗೂ ಅವರನ್ನು ನೆನೆದು ಹೊಟ್ಟೆ ಉರಿಸಿಕೊಳ್ಳುವುದು ನನಗೆ ರೂಢಿ.

ನಮ್ಮಿಬ್ಬರಿಗೂ ಒಟ್ಟಿಗೇ ನೌಕರಿ ಸಿಕ್ಕಿತ್ತು, ಹೊಸದುರ್ಗ ತಾಲ್ಲೂಕಿನ ಒಂದೇ ಸರ್ಕಾರಿ ಹೈಸ್ಕೂಲಿಗೆ. ಅವರು ಹಿರಿಯೂರು ಕಡೆಯ ಕುರಿ ಸಾಕುವ ಮನೆಯವರು. ಆದೇಶ ಕೈಗೆ ಬಂದ ಮಾರನೆಯ ದಿನವೇ, ಯುಗಾದಿ ಅಮಾವಾಸ್ಯೆ ಅಂತಲೂ ನೋಡದೆ, ಬಸ್ಸು ಹತ್ತಿ ಬಂದು ಹಾಜರಾದರು. ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಅವ್ವ ಬಿಡಬೇಕಲ್ಲ.

"ಅಮಾಸೆ ದಿನ ಯಾರಾದ್ರೂ ನೌಕ್ರಿಗೆ ಸೇರ್ತಾರೇನೇ? ಹಬ್ಬ ಆಗ್ಲಿ, ಚಂದ್ರನ್ನ ನೋಡಿ ಹೋಗು."

ಎಣ್ಣೆನೀರು ಹಾಕಿಕೊಂಡೆ, ಹೋಳಿಗೆ ಉಂಡೆ, ಚಂದ್ರನನ್ನೂ ನೋಡಿದೆ. ಸೋಮವಾರ ಒಳ್ಳೆಯ ಗಳಿಗೆಯಲ್ಲಿ ಹೋಗಿ ಸಹಿ ಹಾಕಿದೆ. ಅಷ್ಟರಲ್ಲಿ ತಿಂಗಳು ತಿರುಗಿ ಹೊಸ ನಿಯಮ ಜಾರಿಯಾಗಿತ್ತು. ಆ ತಿಂಗಳಿಂದ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ. ಅವರಿಗೆ ಉಂಟು, ನನಗಿಲ್ಲ...

"ಕುರಿ ಅಮಾಸೆ ನೋಡ್ಕಂಡು ಈಯ್ತೈತೇನ್ರಿ ಮೇಡಂ?" ಎಂದು ಮೇಷ್ಟ್ರು ನಕ್ಕರು. ಆ ನಗು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಸ್ಟಾಫ್ ರೂಮಿನಲ್ಲಿ ನೌಕರರ ಸವಲತ್ತಿನ ಮಾತು ಎದ್ದರೆ ಎಲ್ಲರದೂ ಒಂದೊಂದು ಗೊಣಗಾಟ. ಆರೋಗ್ಯದ ಕಾರ್ಡು ಐತೆ, ಆದ್ರೆ ಹತ್ರದ ಆಸ್ಪತ್ರೇಲಿ ನಡೆಯಲ್ಲ ಅಂತ ಒಬ್ಬರು, ಕಲ್ಯಾಣ ನಿಧಿಗೆ ಅರ್ಜಿ ಹಾಕಿ ಚಪ್ಪಲಿ ಸವೀತು ಅಂತ ಇನ್ನೊಬ್ಬರು. ಡ್ರಾಯಿಂಗ್ ಮೇಷ್ಟ್ರು ಮಾತ್ರ ಕಡಲೆಬೀಜ ಬಿಡಿಸುತ್ತಾ ಸುಮ್ಮನೆ ಕೂತಿರುತ್ತಿದ್ದರು. ಹೊಟ್ಟೆ ತುಂಬಿದವರಿಗೇನು, ಎಂದುಕೊಳ್ಳುತ್ತಿದ್ದೆ. ನನ್ನ ಯಜಮಾನರಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲಂತೂ ಮೇಷ್ಟ್ರ ಮುಖ ಕಂಡರೇ ಆಗುತ್ತಿರಲಿಲ್ಲ. ನಾನು ರಿಟೈರ್ ಆದ ಮೇಲೆ ಯಜಮಾನರನ್ನು ಏನಿಟ್ಟು ಸಾಕಲಿ ಎಂಬ ಚಿಂತೆ ನನ್ನದು.

ಚಿತ್ರದುರ್ಗದಲ್ಲಿ ನಾವು ಹಳೆ ಪಿಂಚಣಿಗಾಗಿ ಧರಣಿ ಕೂತಾಗ ಬ್ಯಾನರು ಬರೆದುಕೊಟ್ಟವರೂ ಅವರೇ. ಬರೆದು ಮನೆಗೆ ಹೋಗಬಾರದೇ? ಬಿಸಿಲಿನಲ್ಲಿ ನಮ್ಮ ಪಕ್ಕದಲ್ಲೇ ಕೂತು ಘೋಷಣೆಯನ್ನೂ ಕೂಗಿದರು. "ನಿಮಗ್ಯಾಕ್ರಿ ಇದು?" ಎಂದು ಸಿಡುಕಿದೆ. "ಒಬ್ನೇ ಉಂಡ್ರೆ ರುಚಿ ಹತ್ತಲ್ಲ ಬಿಡ್ರಿ" ಎಂದರು. ಗಾಯಕ್ಕೆ ಉಪ್ಪು ಸುರಿದ ಹಾಗಾಯಿತು.

ಅವರು ರಿಟೈರ್ ಆಗಿ ವರ್ಷ ತುಂಬುವ ಮೊದಲೇ ಎದೆನೋವು ಬಂದು ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿಯನ್ನು ಕಂಡು, ಇವರಿಗೆ ಕುಟುಂಬ ಪಿಂಚಣಿ ಬರುತ್ತದಲ್ಲ ಅಂತಲೇ ನನಗೆ ಮೊದಲು ಹೊಳೆದದ್ದು...

ಅದಾಗಿ ಸ್ವಲ್ಪ ಕಾಲಕ್ಕೆ ಸರ್ಕಾರ ಮನಸ್ಸು ಬದಲಿಸಿತು. ನಿಯಮ ಬರುವ ಮೊದಲೇ ಆಯ್ಕೆಯಾಗಿದ್ದವರಿಗೂ ಹಳೆ ಪಿಂಚಣಿ ಎಂದಿತು. ನನ್ನ ಆದೇಶ ಬಂದ ದಿನ ಮೇಷ್ಟ್ರ ನಂಬರಿಗೇ ಫೋನು ಮಾಡಿದೆ. ಎತ್ತಿಕೊಂಡದ್ದು ಹೆಂಡತಿ.

ವಿಷಯ ಹೇಳಿದೆ. ಆಕೆ, "ನಿಮ್ದೊಂದು ಆಗ್ಲಿ ಅಂತ ದೇವ್ರಿಗೆ ಹರಕೆ ಕಟ್ಕಂಡಿದ್ರು ಕಣ್ರಿ. ಇನ್ನು ನಾನು ತೀರಿಸ್ತೀನಿ" ಎಂದರು.

ಇಷ್ಟು ವರ್ಷ ಅವರ ಪಿಂಚಣಿಗೆ ಕರುಬಿದೆ. ಈಗ ಅದು ನನಗೂ ಸಿಕ್ಕಿದೆ. ಅಂಥ ಮನಸ್ಸು ಮಾತ್ರ ಸಿಕ್ಕಿಲ್ಲ, ಅದಕ್ಕಿನ್ನೂ ಕರುಬುತ್ತಲೇ ಇದ್ದೇನೆ.