ನೂರಕ್ಕೆ ಅರವತ್ತೆಂಟು

ಅವರ ಬಲಗೈಯ ಹೆಬ್ಬೆರಳು ಸುಮ್ಮನಿರುತ್ತಿರಲಿಲ್ಲ. ಮಾತಾಡುವಾಗ, ನಡೆಯುವಾಗ, ಊಟಕ್ಕೆ ಕೂತಾಗಲೂ ಅದು ಕಾಣದ ಗುಂಡಿಯೊಂದನ್ನು ಒತ್ತುತ್ತಲೇ ಇರುತ್ತಿತ್ತು. ಕೋಟಿನ ಕಿಸೆಯಲ್ಲಿ ಕರಿದಾರಕ್ಕೆ ಕಟ್ಟಿದ ಗಡಿಯಾರವೊಂದಿತ್ತು. ಒಮ್ಮೆ ಒತ್ತಿದರೆ ಓಡುವುದು, ಮತ್ತೊಮ್ಮೆ ಒತ್ತಿದರೆ ನಿಲ್ಲುವುದು. ಒತ್ತಿ ಒತ್ತಿ ಉಗುರು ಒಂದು ಕಡೆ ಚಪ್ಪಟೆಯಾಗಿತ್ತು. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಅವರು ಮನಶ್ಶಾಸ್ತ್ರ ಕಲಿಸುತ್ತಿದ್ದರು, ಅಂದರೆ ಮುಂದೆ ಮಾಸ್ತರರಾಗುವವರಿಗೆ ಮಾಸ್ತರರು. ಊರಿಗೆಲ್ಲ ಮಾತ್ರ ಗಡಿಯಾರದ ಮಾಸ್ತರು. ನಾನೂ ಹಾಗೇ ಅನ್ನುತ್ತೇನೆ. ಹೆಸರು ಹಿಡಿದು ಕರೆಯುವಷ್ಟು ದೊಡ್ಡವಳು ನಾನಿನ್ನೂ ಆಗಿಲ್ಲ.

ಎರಡು ವರ್ಷ ವಿಲಾಯತಿಯಲ್ಲಿ ಓದಿ ಬಂದಿದ್ದರು. ಬರುವಾಗ ತಂದದ್ದು ಒಂದು ಚರ್ಮದ ಪೆಟ್ಟಿಗೆ. ಅದರಲ್ಲಿ ಚಿತ್ರಗಳು, ಮರದ ತುಂಡುಗಳು, ಮಕ್ಕಳ ಬುದ್ಧಿ ಅಳೆಯುವ ಪ್ರಶ್ನೆಗಳು. ಬುದ್ಧಿ ಬೆಳೆಯುವುದು ಏಣಿ ಹತ್ತಿದ ಹಾಗೆ, ವಯಸ್ಸಿಗೊಂದು ಮೆಟ್ಟಿಲು, ಲಂಡನ್ನಿನ ಕೂಸಿಗೂ ಕೆಲಗೇರಿಯ ಕೂಸಿಗೂ ಏಣಿ ಒಂದೇ ಎಂದು ಅವರು ನಂಬಿದ್ದರು. ಕೆಟ್ಟ ನಂಬಿಕೆಯೇನಲ್ಲ ಅದು. ನಮ್ಮ ಮಕ್ಕಳ ಬುದ್ಧಿ ಹುಟ್ಟಿನಿಂದಲೇ ಗಿಡ್ಡ, ಎಷ್ಟು ಕಲಿಸಿದರೂ ಅಷ್ಟೇ ಎಂದು ಬರೆಯುವ ಸಾಹೇಬರು ಆಗ ಬೇಕಾದಷ್ಟು ಜನ ಇದ್ದರು. ಅಂಥವರ ಬಾಯಿ ಮುಚ್ಚಿಸಬೇಕೆಂಬ ಹಟದಿಂದಲೇ ಮಾಸ್ತರು ಪೆಟ್ಟಿಗೆ ಹೊತ್ತು ಶಾಲೆಯಿಂದ ಶಾಲೆಗೆ ತಿರುಗುತ್ತಿದ್ದರು. "ಅಳೀದ ಏನೂ ಹೇಳಬಾರದು" ಅನ್ನುವುದು ಅವರ ಮಾತು. ಮಳೆ ಬರುತ್ತದೇನ್ರಿ ಎಂದು ಕೇಳಿದರೂ ಅದನ್ನೇ ಹೇಳಿಯಾರು.

ನಮ್ಮ ಹೆಣ್ಣುಮಕ್ಕಳ ಶಾಲೆಗೆ ಅವರು ಬಂದಾಗ ನಾನು ಎರಡನೆಯ ಇಯತ್ತೆಯಲ್ಲಿದ್ದೆ. ಒಬ್ಬೊಬ್ಬರನ್ನೇ ಒಳಗೆ ಕರೆದರು. ಮೇಜಿನ ಮೇಲೆ ಗಡಿಯಾರ ಟಿಕಟಿಕ ಅನ್ನುತ್ತಿತ್ತು. ಗೋಡೆಯೊಳಗೆ ಬೆಂಕಿ ಉರಿಯುತ್ತಿದ್ದ ಒಂದು ಮನೆಯ ಚಿತ್ರ ತೋರಿಸಿ, ಇದರಲ್ಲಿ ಏನು ಕಡಿಮೆ ಇದೆ ಎಂದು ಕೇಳಿದರು. ಬೆಂಕಿ ಆರಿಸಲು ನೀರು ಅನ್ನಬೇಕೆನ್ನಿಸಿತು, ಅನ್ನಲಿಲ್ಲ. ಕಡಿಮೆ ಇದ್ದದ್ದು ಮಾಡಿನ ಮೇಲೆ ಹೊಗೆ ಹೋಗುವ ಚಿಮಣಿ ಎಂದು ಆಮೇಲೆ ತಿಳಿಯಿತು. ಆಮೇಲೆ, ಮನೆಯಲ್ಲಿ ಯಾರೂ ಇಲ್ಲದಾಗ ಹಸಿವಾದರೆ ಏನು ಮಾಡುತ್ತೀ ಎಂದರು. ನಮ್ಮದು ಹದಿನಾಲ್ಕು ಜನರ ಮನೆ. ಯಾರೂ ಇಲ್ಲದ ಮನೆಯನ್ನು ನಾನು ಕಂಡೇ ಇರಲಿಲ್ಲ. ಬಹಳ ಹೊತ್ತು ಬಿಟ್ಟು, "ಎಲ್ಲಾರೂ ಎಲ್ಲಿಗೆ ಹೋಗ್ಯಾರ್ರಿ?" ಎಂದು ಕೇಳಿದೆ. ಅವರು ಗುಂಡಿ ಒತ್ತಿ ಹಾಳೆಯಲ್ಲಿ ಒಂದು ಸೊನ್ನೆ ಬರೆದರು. ಕಪಾಟು ತೆಗೆದು ತಿನ್ನುತ್ತೇನೆ ಅನ್ನಬೇಕಿತ್ತಂತೆ. ಅಜ್ಜಿಯ ಮಡಿ ಅಡಿಗೆಮನೆಗೆ ಕೈ ಹಾಕಿದ್ದರೆ ನನ್ನ ಕೈ ಉಳಿಯುತ್ತಿತ್ತೇ?

ತಿಂಗಳೊಪ್ಪತ್ತಿಗೆ ಶಾಲೆಯಿಂದ ಚೀಟಿ ಬಂತು. ಅದರಲ್ಲಿ ನನ್ನ ಹೆಸರು, ಮುಂದೆ ಅರವತ್ತೆಂಟು ಎಂದು ಅಂಕಿ. ಅಪ್ಪ ಕಚೇರಿಯಲ್ಲಿ ಕಾರಕೂನ. ನೂರಕ್ಕೆ ಅರವತ್ತೆಂಟು, ಫಸ್ಟ್ ಕ್ಲಾಸ್ ಎಂದು ಹಿಗ್ಗಿ ಓಣಿಗೆಲ್ಲ ಪೇಢೆ ಹಂಚಿದ. ಒಂದು ಹಿತ್ತಾಳೆ ಡಬ್ಬಿಯ ತುಂಬ ಪೇಢೆ ತುಂಬಿಕೊಂಡು ಸಪ್ತಾಪುರದಲ್ಲಿದ್ದ ಮಾಸ್ತರರ ಮನೆಗೂ ಹೋದ. ಪಾಪ, ಅವರೇ ಬಿಡಿಸಿ ಹೇಳಬೇಕಾಯಿತು. ಅದು ಮಾರ್ಕು ಅಲ್ಲ. ಬುದ್ಧಿಯ ವಯಸ್ಸನ್ನು ಮೈಯ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದ ಲೆಕ್ಕ. ನೂರು ಬಂದರೆ ವಯಸ್ಸಿಗೆ ತಕ್ಕ ಬುದ್ಧಿ, ಅರವತ್ತೆಂಟು ಎಂದರೆ ಮಂದ. ಅಪ್ಪ ಡಬ್ಬಿಯನ್ನು ಅಲ್ಲೇ ಮರೆತು ಬರಿಗೈಯಲ್ಲಿ ಬಂದ.

ಬೈಯಲಿಲ್ಲ, ಹೊಡೆಯಲಿಲ್ಲ. ಸರಕಾರದ ಕಾಗದದಲ್ಲೇ ಬರೆದು ಬಂದಮೇಲೆ ಕೂಸಿಗೆ ಯಾಕೆ ಶಿಕ್ಷೆ, ಪರೀಕ್ಷೆ ಮುಗಿದ ಮೇಲೆ ಶಾಲೆ ಬಿಡಿಸಿ ಮನೆಗೆಲಸ ಕಲಿಸೋಣ ಎಂದು ಅಜ್ಜಿಗೆ ಹೇಳಿದ. ಅಜ್ಜಿಗೆ ಅದೇ ಬೇಕಾಗಿತ್ತು. ನನಗೆ ಶಾಲೆಯೆಂದರೆ ಜೀವ. ಪಾಟಿಯನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟೆ, ಪಾಟಿ ಇದ್ದರೆ ಶಾಲೆ ಬಿಡಿಸಲಾರರು ಎಂದುಕೊಂಡು. ಆ ಮಟ್ಟಿಗೆ ನಾನು ದಡ್ಡಿ ಹೌದು.

ಮುಂದಿನ ಆದಿತ್ಯವಾರ ಮಾಸ್ತರು ಡಬ್ಬಿ ಕೊಡಲು ಬಂದರು. ಖಾಲಿ ಡಬ್ಬಿ ಕೊಡಬಾರದೆಂದು ಅವರ ಮನೆಯಲ್ಲಿ ನಾಲ್ಕು ಚಕ್ಕಲಿ ಹಾಕಿದ್ದರು. ಅಪ್ಪ ಮನೆಯಲ್ಲಿರಲಿಲ್ಲ. ನಾನೂ ಅಜ್ಜಿಯೂ ಪಡಸಾಲೆಯಲ್ಲಿ ಅಳಗುಳಿ ಮಣೆ ಆಡುತ್ತಿದ್ದೆವು. ಮಣೆಯ ಕುಳಿಗಳಿಗೆ ನಾವು ಮನೆ ಅನ್ನುತ್ತೇವೆ. ಹುಣಸೆಬೀಜಗಳನ್ನು ಒಂದು ಮನೆಯಿಂದೆತ್ತಿ ಮುಂದಿನ ಮನೆಗಳಿಗೆ ಹಂಚುತ್ತ ಹೋಗಿ ಎದುರಾಳಿಯನ್ನು ಬರಿದು ಮಾಡುವ ಆಟ ಅದು. ಮಾಸ್ತರು ಕಟ್ಟೆಗೆ ಕೂತು ನೋಡಿದರು. ಅಜ್ಜಿ ಸೋತಳು. ಅವಳು ಸೋಲುತ್ತಾಳೆಂದು ನನಗೆ ಯಾವಾಗ ಗೊತ್ತಾಯಿತು ಎಂದು ಮಾಸ್ತರು ಕೇಳಿದರು. ನಾನು ಅಜ್ಜಿಯ ಮುಖ ನೋಡಿದೆ. ಅವಳು ಹೂಂ ಎಂದ ಮೇಲೆ, ಮೂರು ಸರತಿಯ ಹಿಂದೆ ಅವಳು ಬೀಜ ಎತ್ತಿದ ಮನೆಯನ್ನು ಬೆರಳಿಟ್ಟು ತೋರಿಸಿದೆ.

"ಅವತ್ತ ನನ್ನ ಮುಂದ ಯಾಕ ಬಾಯಿ ಬಿಡಲಿಲ್ಲವಾ ನೀ?" ಎಂದರು.

ಉತ್ತರ ಕೊಟ್ಟವಳು ಅಜ್ಜಿ. "ಹಿರ್ಯಾರು ಕೇಳಿದ ಕೂಡ್ಲೆ ಪಟ್ಟಂತ ಉತ್ತರಾ ಕೊಟ್ರ ನಾವು ಬುದ್ಧಿ ಇಲ್ಲ ಅಂತ ಬೈತೀವ್ರಿ, ಮಾಸ್ತರ. ಕೊಡದಿದ್ರ ನೀವು ಬುದ್ಧಿ ಇಲ್ಲ ಅಂತ ಬರೀತೀರಿ. ಕೂಸು ಯಾರ ಮಾತು ಕೇಳಬೇಕು?"

ಅಜ್ಜಿ ನನ್ನ ಶಾಲೆಯನ್ನು ಉಳಿಸಲು ಈ ಮಾತು ಆಡಿದ್ದಲ್ಲ. ತಾನು ಬೆಳೆಸಿದ ಕೂಸಿಗೆ ಬುದ್ಧಿ ಇಲ್ಲ ಎಂದದ್ದು ಅವಳಿಗೆ ಚುಚ್ಚಿತ್ತು, ಅಷ್ಟೇ. ಮಾಸ್ತರು, ಏನೇ ಆಗಲಿ ಎಂಟು ವರ್ಷದ ಹುಡುಗಿ ಛಲೋ ಆಡಿದಳು ಎಂದರು.

"ಎಂಟೆಲ್ಲಿ ಆಗ್ಯಾವ್ರಿ? ಏಳು ತುಂಬಿ ಮೂರು ತಿಂಗಳಾಗಿಲ್ಲ. ಈಗಿನ್ನೂ ಎಂಟರಾಗ ಬಿದ್ದಾಳ" ಎಂದಳು ಅಜ್ಜಿ.

ಮಾಸ್ತರರ ಹೆಬ್ಬೆರಳು ನಿಂತಿತು. ನಾನು ಕಣ್ಣಾರೆ ನೋಡಿದೆ. ನಮ್ಮಲ್ಲಿ ವಯಸ್ಸು ಹೇಳುವ ರೀತಿಯೇ ಹಾಗೆ, ತುಂಬಿದ್ದನ್ನು ಹೇಳುವುದಿಲ್ಲ, ನಡೆಯುತ್ತಿರುವುದನ್ನು ಹೇಳುತ್ತೇವೆ. ಅಪ್ಪ ಫಾರಮಿನಲ್ಲಿ ಎಂಟು ಎಂದು ಬರೆದಿದ್ದ. ಪೆಟ್ಟಿಗೆಯ ಲೆಕ್ಕ ಅದನ್ನು ತುಂಬಿದ ಎಂಟು ಎಂದು ತಿಳಿಯಿತು. ಭಾಗಿಸುವ ಅಂಕಿ ದೊಡ್ಡದಾದರೆ ಬುದ್ಧಿ ಸಣ್ಣದಾಗದೆ ಏನು ಮಾಡೀತು? ನನ್ನೊಬ್ಬಳದಲ್ಲ, ಅವರು ಅಳೆದ ಅದೆಷ್ಟೋ ಮಕ್ಕಳದು ಹಾಗಾಗಿತ್ತು. "ನಮ್ಮವ್ವನೂ ಹಂಗ ಹೇಳತಿದ್ಲು, ಎಂಟರಾಗ ಬಿದ್ದಾನ ಅಂತ," ಎಂದು ಮೆಲ್ಲಗೆ ಅಂದರು. ಚಕ್ಕಲಿಯ ಡಬ್ಬಿ ಅವರ ತೊಡೆಯ ಮೇಲೇ ಇತ್ತು. ಅದನ್ನು ಹಾಗೇ ಹಿಡಿದುಕೊಂಡು ಎದ್ದು ಹೋದರು.

ಮರುದಿನ ಕಚೇರಿಗೇ ಹೋಗಿ, ಎಲ್ಲ ಕಾರಕೂನರೆದುರು ಅಪ್ಪನಿಗೆ ತಪ್ಪು ತನ್ನದು ಎಂದು ಹೇಳಿದರು. ಅಪ್ಪ ಕಾಗದದ ಮನುಷ್ಯ. ಬಾಯಿಮಾತಿನಿಂದ ಏನಾಗುತ್ತದ್ರಿ ಎಂದ. ಮಾಸ್ತರು ಅಲ್ಲೇ ಕೂತು, ಈ ಹುಡುಗಿಯ ಬುದ್ಧಿಯ ಬಗ್ಗೆ ನಾನು ಕೊಟ್ಟ ಅಂಕಿ ತಪ್ಪು, ಅದನ್ನು ಯಾರೂ ನಂಬತಕ್ಕದ್ದಲ್ಲ ಎಂದು ಬರೆದು ಸಹಿ ಮಾಡಿದರು. ಹಾಗಾದರೆ ಖರೇ ಅಂಕಿ ಎಷ್ಟೆಂದು ಅಪ್ಪ ಕೇಳಿದ. ವಯಸ್ಸು ತಿದ್ದಿದರೆ ಎಪ್ಪತ್ತೆಂಟರ ಹತ್ತಿರ ಬರುತ್ತದೆ, ಆದರೆ ಪ್ರಶ್ನೆಗಳೇ ಸರಿಯಿಲ್ಲದ ಮೇಲೆ ಅದೂ ಸುಳ್ಳು, ನನಗೆ ಗೊತ್ತಿಲ್ಲ ಎಂದರಂತೆ. ಮೊದಲಿನ ಹುಕುಮು ರದ್ದಾಯಿತು, ಹೊಸದು ಬಂದಿಲ್ಲ, ಆದ್ದರಿಂದ ಹುಡುಗಿ ಇದ್ದಲ್ಲೇ ಇರಲಿ ಎಂದು ಅಪ್ಪ ತೀರ್ಮಾನಿಸಿದ. ನಾನು ಶಾಲೆಯಲ್ಲಿ ಉಳಿದದ್ದು ಹೀಗೆ.

ಅವರಿಗಾದದ್ದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಅದೇ ಟ್ರೇನಿಂಗ್ ಕಾಲೇಜಿನಲ್ಲಿ ಅವರ ಕೈಕೆಳಗೆ ಕಲಿಯುವಾಗ. ಈ ಅಳತೆಗಳ ಬಗ್ಗೆ ಬರೆದು ಮುಂಬಯಿಗೆ ಅಚ್ಚಿಗೆ ಕಳಿಸಲು ಸಿದ್ಧವಾಗಿದ್ದ ಪುಸ್ತಕವನ್ನು ಅವರು ತಡೆಹಿಡಿದಿದ್ದರು. ಅಳತೆಯೇ ತಪ್ಪಾಯಿತಂತೆ ಎಂದು, ಯಾರ ಬಾಯಿ ಮುಚ್ಚಿಸಬೇಕೆಂದಿದ್ದರೋ ಅವರೇ ನಕ್ಕರು. ಮಾಸ್ತರರಿಗೆ ಬರಬೇಕಾದ ಮೇಲಿನ ಜಾಗಕ್ಕೆ ಇನ್ನೊಬ್ಬರು ಬಂದರು. ಇದನ್ನೆಲ್ಲ ಹೇಳಿದ್ದು ಕಾಲೇಜಿನ ಬೇರೆಯವರು, ಮಾಸ್ತರರ ಬಾಯಿಂದ ಒಂದು ಮಾತು ಬರಲಿಲ್ಲ. ನನಗೆ ಸಂಕಟವಾಯಿತು. ಅವರೋ, ಪೆಟ್ಟಿಗೆಯನ್ನು ಮೂಲೆಗಿಟ್ಟು ನಮ್ಮ ಮನೆಗಳನ್ನು ನೋಡಿ ಹೊಸ ಪ್ರಶ್ನೆ ಬರೆಯುವುದರಲ್ಲಿ ಮುಳುಗಿದ್ದರು.

ಆ ಹೊಸ ಹಾಳೆ ಹಿಡಿದು ನಾನು ಉಣಕಲ್ಲಿನ ಶಾಲೆಗೆ ಹೋದೆ. ಮಡಿಯಲ್ಲಿರುವ ಅಜ್ಜಿ ನೀರು ಕೇಳಿದರೆ ಏನು ಮಾಡುತ್ತೀ ಎಂಬುದು ಒಂದು ಪ್ರಶ್ನೆ. ಮುಟ್ಟದೆ, ಮಡಿಯಲ್ಲಿರುವ ಇನ್ನೊಬ್ಬರನ್ನು ಕರೆಯುತ್ತೇನೆ ಎಂಬುದು ಸರಿಯುತ್ತರ. ಹತ್ತಿ ಹಿಂಜುವವರ ಮನೆಯ ಒಂದು ಮುಸಲ್ಮಾನ ಹುಡುಗಿ, ನೀರು ಕೊಡತೇನಿ ಎಂದಳು. ನಾನು ಸೊನ್ನೆ ಹಾಕಿದೆ. ಮಾಸ್ತರು ಹಾಳೆ ನೋಡಿ ನನ್ನ ಕಡೆ ತಿರುಗಿದರು.

"ಅಜ್ಜಿ ನೀರು ಕೇಳಿದ್ಲು, ಹುಡುಗಿ ಕೊಟ್ಲು. ನೀ ಸೊನ್ನಿ ಕೊಟ್ಟಿ."

"ಪ್ರಶ್ನಿ ನಿಮ್ಮದರಿ, ಸರ."

"ಪ್ರಶ್ನಿ ನಂದು. ಸೊನ್ನಿ ನಿಂದು."

ನಾಚಿಕೆಯಿಂದ ನೆಲ ನೋಡಿದೆ. ಅವರು ಆ ಪ್ರಶ್ನೆಯ ಮೇಲೆ ಗೆರೆ ಎಳೆದರು. ಹಾಗೆಂದು ಅಳೆಯುವುದನ್ನು ಬಿಟ್ಟರೇ? ಇಲ್ಲ. ಮಕ್ಕಳು ಹೂವಿನಂತೆ ತಾವೇ ಅರಳುತ್ತವೆ, ಅಳೆಯಬಾರದು ಎಂದು ಯಾರಾದರೂ ಅಂದರೆ ಸಿಟ್ಟಿಗೇಳುತ್ತಿದ್ದರು. ಅಳೆಯಬೇಕು, ಆದರೆ ಅಳತೆಗೋಲು ಯಾರ ಮನೆಯಲ್ಲಿ ಮಾಡಿದ್ದು ಎಂದು ಮೊದಲು ಕೇಳಬೇಕು ಅನ್ನುತ್ತಿದ್ದರು.

ನಾನು ಹುಬ್ಬಳ್ಳಿಯ ಶಾಲೆಯಲ್ಲಿ ಅಕ್ಕೋರಾಗಿ ಸೇರಿದ ಎರಡನೆಯ ವರ್ಷ ಅವರು ಹಾಸಿಗೆ ಹಿಡಿದರು. ಒಂದು ಆದಿತ್ಯವಾರ ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿಕೊಂಡು ಸಪ್ತಾಪುರಕ್ಕೆ ಹೋದೆ. ಮನೆ ಭಣಭಣ ಅನ್ನುತ್ತಿತ್ತು. ಮನೆಯವರೆಲ್ಲ ಬಂಧುಗಳ ಮನೆಯ ಹೆಸರಿಡುವ ಕಾರ್ಯಕ್ಕೆ ಹೋಗಿದ್ದರು, ನನಗದು ಗೊತ್ತಿರಲಿಲ್ಲ. ಬಾಗಿಲಲ್ಲೇ ನಿಂತು, "ಎಲ್ಲಾರೂ ಎಲ್ಲಿಗೆ ಹೋಗ್ಯಾರ್ರಿ?" ಎಂದೆ.

ಅವರು ನಕ್ಕರು. ಕೆಮ್ಮು ಬರುವ ತನಕ ನಕ್ಕರು. "ಈ ಮಾತಿಗೆ ಅವತ್ತ ಸೊನ್ನಿ ಕೊಟ್ಟಿದ್ನಲ್ಲಾ," ಎಂದರು. "ಇವತ್ತ ಅರ್ಧಾ ಅಂಕ ಕೊಡತೇನಿ."

ಪೂರಾ ಯಾಕಿಲ್ಲ ಎಂದು ಕೇಳಿದೆ.

"ಹಸಿವ್ಯಾದ್ರ ಏನು ಮಾಡ್ತಿ ಅನ್ನೋದಕ್ಕ ನೀ ಇನ್ನೂ ಉತ್ತರಾ ಹೇಳಿಲ್ಲ."

ನಾನು ಗಂಟು ಬಿಚ್ಚಿ ತಾಟಿನಲ್ಲಿ ಬಡಿಸಿ ಅವರ ಮುಂದಿಟ್ಟೆ. ಒಂದೂವರೆ ರೊಟ್ಟಿ ತಿಂದರು. ಕೈ ತೊಳೆಸಿಕೊಂಡು ದಿಂಬಿನ ಕೆಳಗೆ ಪೆನ್ಸಿಲ್ ಹುಡುಕಿದರು, ಸಿಗಲಿಲ್ಲ. "ಉಳಿದ ಅರ್ಧಾನೂ ಬರದೇನಿ ಅಂತ ತಿಳಕೋ," ಎಂದರು.

ಹದಿನೈದು ದಿನಕ್ಕೆ ತೀರಿಕೊಂಡರು. ನಾನು ಮೂವತ್ತೊಂದು ವರ್ಷ ಮಕ್ಕಳ ಹಾಳೆ ತಿದ್ದಿದೆ. ಸೊನ್ನೆ ಹಾಕಲೇ ಇಲ್ಲ ಎಂದರೆ ಸುಳ್ಳಾದೀತು. ಆದರೆ ಹುಡುಗಿಯನ್ನು ಹತ್ತಿರ ಕರೆದು, "ನಿಮ್ಮ ಮನ್ಯಾಗ ಹೆಂಗವಾ?" ಎಂದು ಕೇಳದೆ ಒಂದನ್ನೂ ಹಾಕಿಲ್ಲ.