ಸದ್ದು ಮಾಡುವ ಟೈರು

ಮಲ್ಲೇಶ್ವರದ ನಮ್ಮ ಬೀದಿಯಲ್ಲಿ ರಂಗೋಲಿ ಹಾಕುತ್ತಿದ್ದ ಪಕ್ಕದ ಮನೆಯ ಅಜ್ಜಿಗೆ ನನ್ನ ಎಲೆಕ್ಟ್ರಿಕ್ ಎಸ್‌ಯುವಿ ಬಂದದ್ದು ಕೇಳಿಸಲೇ ಇಲ್ಲ. ಬಾನೆಟ್ಟಿನಾಚೆ ಅವರ ಬಿಳಿ ತುರುಬು ಕಂಡು ಬ್ರೇಕ್ ಒತ್ತಿದೆ. ನಡುವೆ ಒಂದು ಗೇಣು ಉಳಿದಿತ್ತು.

ಅಪ್ಪನ ಜೀಪು ಇದೇ ಬೀದಿಯ ತಿರುವಿಗೆ ಬಂದಾಗಲೇ ಅದರ ಒರಟು ಟೈರುಗಳು ಗುರ್ರೆನ್ನುತ್ತಿದ್ದವು. ಕ್ರಿಕೆಟ್ ಆಡುತ್ತಿದ್ದ ನಾವು ತಿರುಗಿಯೂ ನೋಡದೆ ಬ್ಯಾಟು ಎತ್ತಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದೆವು.

ಮರುದಿನ ಅಂಥದೇ ಟೈರು ಕೇಳಿದಾಗ ಅಂಗಡಿಯವರು ನಕ್ಕರು.

"ಎಲ್ರೂ ಸದ್ದಿಲ್ಲದ್ದು ಕೇಳ್ತಾರೆ, ನೀವೊಬ್ರು ಸಾರ್! ಇದು ಹಾಕಿದ್ರೆ ಚಾರ್ಜ್ ಬೇಗ ಖಾಲಿಯಾಗತ್ತೆ."

"ಆಗ್ಲಿ ಬಿಡಿ. ವಯಸ್ಸಾದೋರಿಗೆ ಕೇಳಿಸತ್ತಾ, ಅದು ಹೇಳಿ."

"ಇಡೀ ಕ್ರಾಸ್‌ಗೇ ಕೇಳಿಸತ್ತೆ. ಆಮೇಲೆ ಬೈಬೇಡಿ."

ನಾಲ್ಕೂ ಚಕ್ರಕ್ಕೆ ಅದನ್ನೇ ಹಾಕಿಸಿದೆ.